ಹಂಚುವ ಮುನ್ನ: ಸಾಮಾಜಿಕ ಜಾಲತಾಣ ಬಳಸುವ ಪತ್ರಕರ್ತರಿಗೆ ಕಾನೂನು ಮತ್ತು ವೃತ್ತಿನೀತಿಯ ಸಮಗ್ರ ಮಾರ್ಗದರ್ಶಿ

ರಾತ್ರಿ ಎಂಟರ ಹೊತ್ತಿಗೆ ಮಾಧ್ಯಮದವರ ವಾಟ್ಸ್‌ಆ್ಯಪ್ ಗ್ರೂಪ್‌ಗೆ ಎಫ್‌ಐಆರ್‌ನ ಪಿಡಿಎಫ್ ಒಂದು ಬಂದು ಬೀಳುತ್ತದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಪೋಕ್ಸೊ ಪ್ರಕರಣ. ತಾಲ್ಲೂಕು ವರದಿಗಾರ ಅದನ್ನು ಓದಿ, ಬಾಲಕಿಯ ಹೆಸರು, ತಂದೆಯ ಹೆಸರು, ಊರು ಎಲ್ಲವನ್ನೂ ಬಿಟ್ಟು ಆರು ಸಾಲಿನ ಸುದ್ದಿ ಬರೆದು ಪತ್ರಿಕೆಗೆ ಕಳಿಸುತ್ತಾನೆ. ಡೆಸ್ಕ್‌ನಲ್ಲಿ ಉಪಸಂಪಾದಕರು ಅದನ್ನು ಇನ್ನೊಮ್ಮೆ ನೋಡಿ, ಶಾಲೆಯ ಹೆಸರು ಉಳಿದಿದ್ದರೆ ಅದನ್ನೂ ತೆಗೆಯುತ್ತಾರೆ. ಆದರೆ ಅಷ್ಟರೊಳಗೆ ಅದೇ ವರದಿಗಾರ ಅದೇ ಪಿಡಿಎಫ್ ಅನ್ನು ತನ್ನೂರಿನ ಎರಡು ಗ್ರೂಪ್‌ಗಳಿಗೆ ಫಾರ್ವರ್ಡ್ ಮಾಡಿರುತ್ತಾನೆ. ಮರುದಿನದ ಪತ್ರಿಕೆಯಲ್ಲಿ ತಪ್ಪು ಹುಡುಕಿದರೂ ಸಿಗುವುದಿಲ್ಲ. ಬಾಲಕಿಯ ಹೆಸರು ಮಾತ್ರ ಊರಿನ ಫೋನುಗಳಲ್ಲೆಲ್ಲ ಇರುತ್ತದೆ.

ಜಿಲ್ಲಾ ಆವೃತ್ತಿಯ ಡೆಸ್ಕ್‌ನಲ್ಲಿ ಹಲವು ವರ್ಷ ಕುಳಿತ ನಾನು ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಹಾಗೆ ಮಾಡಿದವರಲ್ಲಿ ಹೆಚ್ಚಿನವರು ಒಳ್ಳೆಯ ವರದಿಗಾರರೇ. ಪತ್ರಿಕೆಗೆ ಬರೆಯುವುದು ಪ್ರಕಟಣೆ, ಗ್ರೂಪ್‌ಗೆ ಹಾಕುವುದು ಮಾತುಕತೆ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಕಾನೂನು ಈ ವ್ಯತ್ಯಾಸವನ್ನು ಒಪ್ಪುವುದಿಲ್ಲ. ಪತ್ರಿಕೆಗೆ ಡೆಸ್ಕ್ ಇದೆ, ಫೋನಿಗೆ ಇಲ್ಲ. ಆದ್ದರಿಂದ ಡೆಸ್ಕ್‌ನ ಕೆಲಸವನ್ನು ಪತ್ರಕರ್ತನೇ ತನ್ನ ಕೈಯಲ್ಲಿರುವ ಫೋನಿನ ಮಟ್ಟದಲ್ಲಿ ಮಾಡಿಕೊಳ್ಳಬೇಕಾಗುತ್ತದೆ. ಅದನ್ನು ಮಾಡುವ ಬಗೆಯನ್ನು ಹಂತ ಹಂತವಾಗಿ ಇಲ್ಲಿ ವಿವರಿಸಿದ್ದೇನೆ. ನಿಮ್ಮ ಮೇಲೆ ಪ್ರಕರಣ ದಾಖಲಾಗಿದ್ದರೆ ಇದನ್ನು ಓದಿ ನಿಲ್ಲಿಸದೆ ವಕೀಲರನ್ನು ಕಾಣಿ.

ಹಂತ 1: ಖಾತೆ ಯಾರದು ಎಂಬುದನ್ನು ಬರಹದಲ್ಲಿ ತೀರ್ಮಾನಿಸಿಕೊಳ್ಳಿ

‘ಇಲ್ಲಿನ ಅಭಿಪ್ರಾಯಗಳು ವೈಯಕ್ತಿಕ’ ಎಂಬ ಸಾಲನ್ನು ಬಹಳ ಮಂದಿ ತಮ್ಮ ಪರಿಚಯದಲ್ಲಿ ಬರೆದುಕೊಂಡಿರುತ್ತಾರೆ. ಅದರಿಂದ ಸಂಸ್ಥೆಗೆ ಅಲ್ಪಸ್ವಲ್ಪ ಅನುಕೂಲವಾಗಬಹುದೇ ಹೊರತು, ಬರೆದವರ ಹೊಣೆ ಕಿಂಚಿತ್ತೂ ಕಡಿಮೆಯಾಗುವುದಿಲ್ಲ. ಓದುಗರೂ ನಿಮ್ಮನ್ನು ಆ ಪತ್ರಿಕೆಯವರೆಂದೇ ಗುರುತಿಸುತ್ತಾರೆ. ನಿಮ್ಮ ಸಂಸ್ಥೆಯಲ್ಲಿ ಜಾಲತಾಣ ಬಳಕೆಯ ಲಿಖಿತ ನಿಯಮಗಳಿದ್ದರೆ ಒಂದು ಪ್ರತಿ ಪಡೆದುಕೊಳ್ಳಿ. ಇಲ್ಲದಿದ್ದರೆ ಸಂಪಾದಕರಿಗೆ ಇ-ಮೇಲ್ ಮೂಲಕ ಮೂರು ಪ್ರಶ್ನೆ ಕೇಳಿ: ಪತ್ರಿಕೆಯಲ್ಲಿ ಬರುವ ಮೊದಲೇ ಸುದ್ದಿಯನ್ನು ನನ್ನ ಖಾತೆಯಲ್ಲಿ ಹಾಕಬಹುದೇ? ನಾನು ನಡೆಸುತ್ತಿರುವ ಜಿಲ್ಲಾ ಪುಟದ ಪಾಸ್‌ವರ್ಡ್ ನಾನು ಕೆಲಸ ಬಿಟ್ಟ ಮೇಲೆ ಯಾರ ಬಳಿ ಇರಬೇಕು? ನನ್ನ ಖಾತೆಯ ಬರಹಕ್ಕೆ ನೋಟಿಸ್ ಬಂದರೆ ವಕೀಲರ ಖರ್ಚನ್ನು ಯಾರು ಭರಿಸುತ್ತಾರೆ? ಸುದ್ದಿಯ ಲೆಕ್ಕದಲ್ಲಿ ಸಂಭಾವನೆ ಪಡೆಯುವ ಅರೆಕಾಲಿಕ ವರದಿಗಾರರಿಗೆ ಮೂರನೆಯ ಪ್ರಶ್ನೆಯೇ ಮುಖ್ಯ. ಕಷ್ಟ ಬಂದಾಗ ‘ಅವರು ನಮ್ಮ ನೌಕರರಲ್ಲ’ ಎಂಬ ಉತ್ತರ ಸುಲಭವಾಗಿ ಬರುವುದು ಇವರ ವಿಷಯದಲ್ಲೇ. ಜೊತೆಗೆ ಎಲ್ಲ ಖಾತೆಗಳಿಗೂ ಎರಡು ಹಂತದ ಲಾಗಿನ್ ರಕ್ಷಣೆ ಹಾಕಿಕೊಳ್ಳಿ.

ಹಂತ 2: ಬಂದದ್ದನ್ನು ಬಂದಂತೆ ನಂಬಬೇಡಿ

2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಜನರ ಗುಂಪು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ಸ್ನೇಹಿತರೊಡನೆ ಬಂದಿದ್ದ ಅವರ ತಂಡ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ‘ಮಕ್ಕಳ ಕಳ್ಳರು’ ಎಂಬ ಸಂದೇಶವಾಗಿ ವಾಟ್ಸ್‌ಆ್ಯಪ್‌ನಲ್ಲಿ ಅವರ ವಾಹನಕ್ಕಿಂತ ಮುಂದೆ ಓಡಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಇಂಥದೇ ವದಂತಿಗೆ ರಾಜಸ್ಥಾನದ ಕೂಲಿಯೊಬ್ಬರು ಬಲಿಯಾಗಿದ್ದರು. ಆ ದಿನಗಳಲ್ಲಿ ದೇಶದಾದ್ಯಂತ ಹರಿದಾಡಿದ, ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ, ಮೂಲದಲ್ಲಿ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದೇ ಚಿತ್ರಿಸಿದ್ದಾಗಿತ್ತು. ಬೈಕ್ ಸವಾರರು ಮಗುವನ್ನು ಮರಳಿ ತಂದು ಬಿಟ್ಟು ಎಚ್ಚರಿಕೆಯ ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ಕೆಲವೇ ಸೆಕೆಂಡುಗಳು ಎಲ್ಲಿ ಹೋದವು ಎಂದು ಹುಡುಕುವುದೇ ಪರಿಶೀಲನೆ.

ವಿಡಿಯೊ ಬಂದಾಗ ಕಳಿಸಿದವರನ್ನು ‘ಇದು ನಿಜವೇ?’ ಎಂದು ಕೇಳಬೇಡಿ, ‘ಇದು ನಿಮಗೆ ಯಾರಿಂದ, ಯಾವಾಗ ಬಂತು?’ ಎಂದು ಕೇಳಿ. ಚಿತ್ರಿಸಿದ ವ್ಯಕ್ತಿ ಸಿಗುವವರೆಗೆ ಈ ಸರಪಳಿಯನ್ನು ಹಿಂದಕ್ಕೆ ಹಿಡಿದು ಹೋಗಿ. ವಿಡಿಯೊದ ಮೂರು ನಾಲ್ಕು ದೃಶ್ಯಗಳ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೆ ಹಳೆಯ ವಿಡಿಯೊಗಳಲ್ಲಿ ಬಹಳಷ್ಟು ಅಲ್ಲೇ ಸಿಕ್ಕಿಬೀಳುತ್ತವೆ. ಸಿಗದಿದ್ದರೆ ಅಂಗಡಿಗಳ ಬೋರ್ಡು ಯಾವ ಭಾಷೆಯಲ್ಲಿದೆ, ಬಸ್ಸಿನ ಬಣ್ಣ ಯಾವ ಸಾರಿಗೆ ಸಂಸ್ಥೆಯದು, ನಂಬರ್ ಪ್ಲೇಟ್ ಯಾವ ರಾಜ್ಯದ್ದು, ನೆಲ ಒದ್ದೆಯಾಗಿದ್ದರೆ ಅಂದು ಅಲ್ಲಿ ಮಳೆ ಬಂದಿತ್ತೇ ಎಂದು ನೋಡಿ. ಆಮೇಲೆ ಆ ಊರಿನ ಇಬ್ಬರಿಗೆ ಫೋನ್ ಮಾಡಿ, ಅವರಲ್ಲಿ ಒಬ್ಬರು ಪೊಲೀಸರಲ್ಲದವರಾಗಿರಲಿ. ರಾಜಕಾರಣಿಯ ಧ್ವನಿ ಎನ್ನುವ ಆಡಿಯೊ ಬಂದರೆ, ಕೃತಕ ಬುದ್ಧಿಮತ್ತೆಯಿಂದ ಧ್ವನಿ ಸೃಷ್ಟಿಸುವುದು ಇಷ್ಟು ಸುಲಭವಾಗಿರುವ ಈ ಕಾಲದಲ್ಲಿ, ಅವರನ್ನೇ ಸಂಪರ್ಕಿಸಿ ಪ್ರತಿಕ್ರಿಯೆ ಪಡೆಯದೆ ಹಾಕಬಾರದು. ‘ಪರಿಶೀಲಿಸಿಲ್ಲ, ಬಂದಂತೆ ಹಂಚಿದ್ದೇನೆ’ ಎಂಬ ಒಕ್ಕಣೆಯನ್ನು ಪತ್ರಕರ್ತರು ಬಳಸಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಪರಿಶೀಲಿಸುತ್ತೇವೆಂಬ ನಂಬಿಕೆಯಿಂದಲೇ ಜನ ನಮ್ಮ ಖಾತೆಯನ್ನು ನೋಡುತ್ತಾರೆ.

ಗ್ರೂಪ್‌ನ ಅಡ್ಮಿನ್ ಆಗಿರುವವರಿಗೆ ಒಂದು ಮಾತು. ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ತಾನಾಗಿಯೇ ಹೊಣೆಯಾಗುವುದಿಲ್ಲವೆಂದು 2021ರಲ್ಲಿ ಬಾಂಬೆ ಹೈಕೋರ್ಟ್, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಆದರೂ ಮುರ್ಕಿ ಪ್ರಕರಣದಲ್ಲಿ ಬಂಧಿತರಾದವರಲ್ಲಿ ಗ್ರೂಪ್ ಅಡ್ಮಿನ್ ಕೂಡ ಇದ್ದರು. ಗಲಭೆಯ ಸೂಚನೆಯಿರುವಾಗ ಗ್ರೂಪ್‌ನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಮಾಡುವುದು ಒಂದು ನಿಮಿಷದ ಕೆಲಸ.

ಹಂತ 3: ಗುರುತು ಮರೆಮಾಡುವುದನ್ನು ಸರಿಯಾಗಿ ಕಲಿಯಿರಿ

ಈ ಹಂತಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ. ಇಲ್ಲಿ ಆದ ತಪ್ಪನ್ನು ಯಾವ ತಿದ್ದುಪಡಿಯೂ ಹಿಂದಕ್ಕೆ ತರಲಾರದು.

ಅತ್ಯಾಚಾರ ಸಂತ್ರಸ್ತೆಯ ಗುರುತು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 72ರ ಅಡಿ ಎರಡು ವರ್ಷಗಳವರೆಗಿನ ಜೈಲು ಮತ್ತು ದಂಡಕ್ಕೆ ದಾರಿ ಮಾಡುತ್ತದೆ. ಲೈಂಗಿಕ ಅಪರಾಧಕ್ಕೆ ಒಳಗಾದ ಮಕ್ಕಳ ವಿಷಯದಲ್ಲಿ 2012ರ ಪೋಕ್ಸೊ ಕಾಯ್ದೆಯ ಸೆಕ್ಷನ್ 23 ಹೆಸರು, ವಿಳಾಸ, ಚಿತ್ರ, ಕುಟುಂಬದ ವಿವರ, ಶಾಲೆ, ನೆರೆಹೊರೆ ಎಂದು ಒಂದೊಂದನ್ನೂ ಹೆಸರಿಸಿ ನಿಷೇಧಿಸುತ್ತದೆ. ನೌಕರನ ತಪ್ಪಿಗೆ ಮಾಧ್ಯಮದ ಮಾಲೀಕರನ್ನೂ ಪ್ರಕಾಶಕರನ್ನೂ ಜೊತೆಯಲ್ಲೇ ಹೊಣೆಯಾಗಿಸುತ್ತದೆ. 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74 ಇನ್ನೂ ವಿಶಾಲವಾದುದು: ಕಾನೂನಿನೊಡನೆ ಸಂಘರ್ಷಕ್ಕೆ ಒಳಗಾದ ಬಾಲಕ, ಸಾಕ್ಷಿಯಾಗಿರುವ ಮಗು, ರಕ್ಷಣೆ ಬೇಕಾದ ಮಗು ಎಲ್ಲರಿಗೂ ಅದು ಅನ್ವಯಿಸುತ್ತದೆ. 2018ರ ಡಿಸೆಂಬರ್‌ನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಾಮಾಜಿಕ ಮಾಧ್ಯಮವನ್ನೂ ಸೇರಿಸಿ ಯಾವುದೇ ಮಾಧ್ಯಮದಲ್ಲಿ ಸಂತ್ರಸ್ತರ ಹೆಸರನ್ನಾಗಲಿ, ದೂರದಿಂದಲಾದರೂ ಗುರುತು ಹಿಡಿಸುವ ಸಂಗತಿಯನ್ನಾಗಲಿ ಪ್ರಕಟಿಸಬಾರದು, ಸಂತ್ರಸ್ತೆ ತೀರಿಕೊಂಡಿದ್ದರೂ ಪ್ರಕಟಿಸಬಾರದು, ಇಂಥ ಪ್ರಕರಣಗಳ ಎಫ್‌ಐಆರ್ ಸಾರ್ವಜನಿಕವಾಗಿ ಸಿಗುವಂತಿರಬಾರದು ಎಂದು ಸ್ಪಷ್ಟಪಡಿಸಿತು. ಆದ್ದರಿಂದ ‘ಪೊಲೀಸರೇ ಗ್ರೂಪ್‌ಗೆ ಹಾಕಿದ್ದರು’ ಎನ್ನುವುದು ನಿಮಗೆ ರಕ್ಷಣೆ ನೀಡುವುದಿಲ್ಲ. ಉತ್ತರ ಕನ್ನಡದ ಕನ್ನಡ ದಿನಪತ್ರಿಕೆಯೊಂದರ ಸಂಪಾದಕರ ಮೇಲೆ 2017ರ ಒಂದು ವರದಿಗಾಗಿ ಪೋಕ್ಸೊ ಕಾಯ್ದೆಯ ಸೆಕ್ಷನ್ 23ರ ಅಡಿ ಹೂಡಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಗಿ, ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕೇ ಎಂಬ ಪ್ರಶ್ನೆಯಲ್ಲಿ 2022ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಭಿನ್ನವಾಯಿತು. ಒಂದು ವರದಿಗಾಗಿ ಐದು ವರ್ಷ ಕೋರ್ಟಿಗೆ ಅಲೆದಾಟ.

ಈಗ ಕೈಕೆಲಸದ ವಿಚಾರ. ಫೋನಿನ ಹೈಲೈಟರ್‌ನಿಂದ ಹೆಸರಿನ ಮೇಲೆ ಕಪ್ಪು ಗೆರೆ ಎಳೆದರೆ ಮುಚ್ಚಿತು ಎಂದುಕೊಳ್ಳಬೇಡಿ. ಅನೇಕ ಫೋನುಗಳ ಹೈಲೈಟರ್ ಅರೆಪಾರದರ್ಶಕವಾಗಿರುತ್ತದೆ. ಚಿತ್ರದ ಪ್ರಖರತೆ ಹೆಚ್ಚಿಸಿದರೆ ಗೆರೆಯ ಅಡಿಯ ಅಕ್ಷರಗಳು ಒಂದೊಂದಾಗಿ ಮೇಲೇಳುತ್ತವೆ. ಪಿಡಿಎಫ್‌ನ ಮೇಲೆ ಕಪ್ಪು ಚೌಕ ಹಾಕಿದರೆ ಆ ಭಾಗವನ್ನು ಆಯ್ದು ಕಾಪಿ ಮಾಡಿ ಬೇರೆಡೆ ಅಂಟಿಸಿದಾಗ ಹೆಸರು ಬಂದುಬಿಡುವುದುಂಟು. ಎಫ್‌ಐಆರ್ ಪ್ರತಿಯನ್ನು ಹಂಚಲೇಬೇಡಿ, ಬೇಕಾದ ಸಂಗತಿಯನ್ನು ನೀವೇ ಟೈಪ್ ಮಾಡಿ. ಬೇರೆ ಯಾವುದಾದರೂ ದಾಖಲೆಯ ಚಿತ್ರ ಹಾಕಲೇಬೇಕಾದರೆ ಆ ಭಾಗವನ್ನು ಮುಚ್ಚುವ ಬದಲು ಕತ್ತರಿಸಿ, ಕತ್ತರಿಸಿದ ಚಿತ್ರದ ಸ್ಕ್ರೀನ್‌ಶಾಟ್ ತೆಗೆದು ಅದನ್ನು ಬಳಸಿ. ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ತೆಗೆದ ಸ್ಥಳದ ಅಕ್ಷಾಂಶ ರೇಖಾಂಶಗಳೂ ಜೊತೆಯಲ್ಲಿ ಹೋಗಬಹುದು ಎಂಬುದು ನೆನಪಿರಲಿ.

ಹೆಸರು ತೆಗೆದ ಮೇಲೂ ಉಳಿಯುವ ಸುಳಿವುಗಳೇ ಹೆಚ್ಚು ಅಪಾಯಕಾರಿ. ಇನ್ನೂರು ಮನೆಗಳ ಊರಿನಲ್ಲಿ ‘ಅಂಗನವಾಡಿ ಕಾರ್ಯಕರ್ತೆಯ ಮಗಳು, ಹತ್ತನೇ ತರಗತಿ ವಿದ್ಯಾರ್ಥಿನಿ’ ಎಂದು ಬರೆದರೆ ಹೆಸರು ಬರೆದಂತೆಯೇ ಆಯಿತು. ಆರೋಪಿ ಚಿಕ್ಕಪ್ಪನಾಗಿದ್ದರೆ ಅವನ ಹೆಸರು ಮತ್ತು ಸಂಬಂಧ ಎರಡನ್ನೂ ಬರೆಯುವುದು ಮಗುವನ್ನು ತೋರಿಸಿಕೊಟ್ಟಂತೆ. ಮುಖ ಮಸುಕು ಮಾಡಿದ ಚಿತ್ರದಲ್ಲಿ ಸಮವಸ್ತ್ರದ ಬಣ್ಣ, ಮನೆಯ ಮುಂದಿನ ತುಳಸಿಕಟ್ಟೆ, ತಾಯಿಯ ಸೀರೆ ಇವೆಲ್ಲ ಊರಿನವರಿಗೆ ಗುರುತುಗಳೇ. ಒಂದು ಪತ್ರಿಕೆ ಊರಿನ ಹೆಸರು ಹಾಕಿ, ಇನ್ನೊಂದು ಚಾನೆಲ್ ಸಂಬಂಧ ಹೇಳಿ, ನೀವು ಶಾಲೆಯ ಹೆಸರು ಬರೆದರೆ ಮೂರನ್ನೂ ಜೋಡಿಸುವ ಕೆಲಸ ಓದುಗರಿಗೆ ಕಷ್ಟವಾಗುವುದಿಲ್ಲ. ಆದ್ದರಿಂದ ಹಾಕುವ ಮುನ್ನ ಬೇರೆಯವರು ಏನು ಹಾಕಿದ್ದಾರೆಂದು ನೋಡಿ.

ನನ್ನ ಕೈಯಿಂದಲೇ ಆದ ತಪ್ಪೊಂದನ್ನು ಹೇಳುತ್ತೇನೆ. ಹೆದ್ದಾರಿ ಅಪಘಾತದ ಚಿತ್ರವನ್ನು ಜಿಲ್ಲಾ ಪುಟಕ್ಕೆ ಹಾಕಲು ಒಪ್ಪಿಗೆ ಕೊಟ್ಟವನು ನಾನೇ. ಮೃತ ಯುವಕನ ಮುಖ ಮಸುಕು ಮಾಡಿದ್ದೆವು, ಬೈಕಿನ ನಂಬರ್ ಪ್ಲೇಟ್ ಮರೆತಿದ್ದೆವು. ಹತ್ತು ನಿಮಿಷದೊಳಗೆ ಚಿತ್ರದ ಕೆಳಗೆ ‘ಇದು ನಮ್ಮ ಗಾಡಿ, ದಯವಿಟ್ಟು ಯಾರಾದರೂ ಹೇಳಿ’ ಎಂಬ ಸಾಲು ಬಂತು. ಬರೆದದ್ದು ಅವನ ಅಕ್ಕ. ಠಾಣೆಯಿಂದ ಮನೆಗೆ ಫೋನ್ ಹೋದದ್ದು ಅದಾದ ಮೇಲೆ. ಅಂದು ನಾವು ಯಾವ ಕಾನೂನನ್ನೂ ಮುರಿದಿರಲಿಲ್ಲ. ಮನೆಯವರಿಗೆ ತಿಳಿದಿದೆಯೇ ಎಂದು ಠಾಣೆಗೆ ಒಂದು ಕರೆ ಮಾಡಿ ಕೇಳುವುದನ್ನು ಮಾತ್ರ ಬಿಟ್ಟಿದ್ದೆವು. ಆ ಕರೆಯನ್ನು ಅಂದಿನಿಂದ ನಮ್ಮ ಡೆಸ್ಕ್‌ನಲ್ಲಿ ಕಡ್ಡಾಯ ಮಾಡಿಕೊಂಡೆವು.

ಹಂತ 4: ಮಾನನಷ್ಟ ಮತ್ತು ಫಾರ್ವರ್ಡ್

ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 356ರ ಪ್ರಕಾರ ಮಾನನಷ್ಟಕ್ಕೆ ಎರಡು ವರ್ಷಗಳವರೆಗೆ ಸಾದಾ ಸಜೆ, ದಂಡ, ಅಥವಾ ಸಮುದಾಯ ಸೇವೆಯ ಶಿಕ್ಷೆ ಇದೆ. ‘ನಿಜವನ್ನೇ ಬರೆದಿದ್ದೇನೆ’ ಎಂಬುದು ಸಿವಿಲ್ ದಾವೆಯಲ್ಲಿ ಗಟ್ಟಿಯಾದ ರಕ್ಷಣೆ. ಕ್ರಿಮಿನಲ್ ಮೊಕದ್ದಮೆಯಲ್ಲಿ ಅದು ಸಾರ್ವಜನಿಕ ಹಿತಕ್ಕಾಗಿತ್ತು ಎಂಬುದನ್ನೂ ತೋರಿಸಬೇಕು. ಸಾರ್ವಜನಿಕ ನೌಕರರ ನಡವಳಿಕೆಯ ಬಗ್ಗೆ ಸದ್ಭಾವನೆಯಿಂದ ವ್ಯಕ್ತಪಡಿಸಿದ ಅಭಿಪ್ರಾಯಕ್ಕೂ ವಿನಾಯಿತಿ ಇದೆ, ಆದರೆ ತಕ್ಕ ಎಚ್ಚರಿಕೆ ವಹಿಸದೆ ಮಾಡಿದ್ದನ್ನು ಕಾನೂನು ಸದ್ಭಾವನೆ ಎಂದು ಕರೆಯುವುದಿಲ್ಲ. ನಿಮ್ಮ ಟಿಪ್ಪಣಿ ಪುಸ್ತಕ, ಪ್ರತಿಕ್ರಿಯೆ ಕೇಳಿ ಕಳಿಸಿದ ಸಂದೇಶ, ಉತ್ತರ ಬಾರದ ಕರೆಯ ದಾಖಲೆ ಇವೇ ಆ ಎಚ್ಚರಿಕೆಯ ಪುರಾವೆಗಳು.

ಬೇರೆಯವರು ಬರೆದದ್ದನ್ನು ಹಂಚಿದರೆ ಹೊಣೆ ಬರುತ್ತದೆಯೇ? ಬರುತ್ತದೆ. ಮಹಿಳಾ ಪತ್ರಕರ್ತರನ್ನು ಅವಹೇಳನ ಮಾಡಿದ ಬರಹವೊಂದನ್ನು 2018ರಲ್ಲಿ ಫೇಸ್‌ಬುಕ್‌ನಲ್ಲಿ ಹಂಚಿದ ತಮಿಳುನಾಡಿನ ನಟ, ಮಾಜಿ ಶಾಸಕ ಎಸ್.ವಿ. ಶೇಖರ್ ಅದನ್ನು ಅಳಿಸಿ ಕ್ಷಮೆ ಕೇಳಿದರೂ ಪ್ರಕರಣದಿಂದ ಪಾರಾಗಲಿಲ್ಲ. 2023ರಲ್ಲಿ ಮದ್ರಾಸ್ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಎರಡೂ ಅವರ ನೆರವಿಗೆ ಬರಲಿಲ್ಲ. 2024ರ ಫೆಬ್ರುವರಿಯಲ್ಲಿ ಅರವಿಂದ ಕೇಜ್ರಿವಾಲ್ ಅವರ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ಮಾನಹಾನಿಕರ ಬರಹವನ್ನು ರೀಟ್ವೀಟ್ ಮಾಡುವುದೂ ಮಾನನಷ್ಟವಾಗಬಹುದೆಂದು ಹೇಳಿತು. ಸುದ್ದಿಗಾಗಿ ಅಂಥ ಬರಹವನ್ನು ತೋರಿಸಲೇಬೇಕಾದರೆ ಹಂಚುವ ಗುಂಡಿ ಒತ್ತದೆ, ಯಾರು ಯಾವಾಗ ಏನು ಹೇಳಿದರು, ಎದುರಿನವರ ಉತ್ತರವೇನು ಎಂದು ನಿಮ್ಮ ಮಾತಿನಲ್ಲಿ ವರದಿ ಮಾಡಿ.

ಪದಗಳ ವಿಷಯದಲ್ಲಿ ಜಿಪುಣರಾಗಿ. ಎಫ್‌ಐಆರ್ ಆದವನು ಆರೋಪಿ, ಅಪರಾಧಿಯಲ್ಲ. ವಿಚಾರಣೆಗೆ ಕರೆಸಿದವರನ್ನು ‘ಬಂಧನ’ ಎಂದು ಬರೆಯಬೇಡಿ. ಶೀರ್ಷಿಕೆಯ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ ಮಾತ್ರಕ್ಕೆ ಆರೋಪ ಪ್ರಶ್ನೆಯಾಗುವುದಿಲ್ಲ.

ಮಾನನಷ್ಟ ಪೊಲೀಸರು ನೇರವಾಗಿ ಎಫ್‌ಐಆರ್ ದಾಖಲಿಸುವ ಅಪರಾಧವಲ್ಲ, ನೊಂದವರು ಮ್ಯಾಜಿಸ್ಟ್ರೇಟರಿಗೆ ಖಾಸಗಿ ದೂರು ಕೊಡಬೇಕು. ಠಾಣೆಯಿಂದ ಕರೆ ಬಂದರೆ ಯಾವ ಸೆಕ್ಷನ್ ಎಂದು ವಿನಯದಿಂದ ಕೇಳಿ, ಲಿಖಿತ ನೋಟಿಸ್ ಪಡೆಯಿರಿ. ಆಕ್ಷೇಪಾರ್ಹ ಆನ್‌ಲೈನ್ ಸಂದೇಶವನ್ನು ಅಪರಾಧವಾಗಿಸಿದ್ದ, 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 66ಎ ಎಂದು ಹೇಳಿದರೆ, ಅದನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ರದ್ದುಪಡಿಸಿದೆ ಎಂಬುದು ನಿಮಗೆ ಗೊತ್ತಿರಬೇಕು.

ಹಂತ 5: ದ್ವೇಷ ಹರಡುವ ಬರಹವನ್ನು ವರದಿ ಮಾಡುವಾಗ

ಇಲ್ಲಿ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 196 (ಗುಂಪುಗಳ ನಡುವೆ ದ್ವೇಷ ಬಿತ್ತುವುದು), 299 (ಧಾರ್ಮಿಕ ಭಾವನೆಗೆ ಧಕ್ಕೆ) ಮತ್ತು 353(2) (ದ್ವೇಷ ಹುಟ್ಟಿಸುವ ಸುಳ್ಳು ಮಾಹಿತಿ, ವದಂತಿ) ಬರುತ್ತವೆ. ಇವು ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದಾದ ಗಂಭೀರ ಸೆಕ್ಷನ್‌ಗಳು. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ನಡೆದ ಹಿಂಸಾಚಾರಕ್ಕೆ ಕಿಡಿಯಾದದ್ದು ಒಂದು ಫೇಸ್‌ಬುಕ್ ಬರಹ. ಅಂಥ ಬರಹದ ಸ್ಕ್ರೀನ್‌ಶಾಟನ್ನು ‘ನೋಡಿ, ಹೀಗೆ ಬರೆದಿದ್ದಾನೆ’ ಎಂದು ಹಾಕಿದರೆ ಅದನ್ನು ಇನ್ನಷ್ಟು ಜನರಿಗೆ ತಲುಪಿಸಿದವರು ನೀವೇ ಆಗುತ್ತೀರಿ. ಬರಹದ ಸ್ವರೂಪವನ್ನು ವಿವರಿಸಿ, ಪದಗಳನ್ನು ಮರಳಿ ಹೇಳಬೇಡಿ.

ಹಂತ 6: ನ್ಯಾಯಾಲಯದ ಕಲಾಪ

ಕರ್ನಾಟಕ ಹೈಕೋರ್ಟಿನ ಕಲಾಪ ಯೂಟ್ಯೂಬ್‌ನಲ್ಲಿ ಸಿಗುತ್ತದೆ ಎಂಬ ಕಾರಣಕ್ಕೆ ಅದರ ತುಣುಕುಗಳನ್ನು ಹಾಕಬಹುದು ಎಂದು ಅನೇಕರು ತಿಳಿದಿದ್ದಾರೆ. ನೇರ ಪ್ರಸಾರದ 2021ರ ನಿಯಮಗಳು ಅನುಮತಿಯಿಲ್ಲದೆ ಅದನ್ನು ರೆಕಾರ್ಡ್ ಮಾಡುವುದನ್ನೂ ಹಂಚುವುದನ್ನೂ ನಿಷೇಧಿಸುತ್ತವೆ; 2024ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಇಂಥ ತುಣುಕುಗಳ ಬಳಕೆಗೆ ತಡೆಯನ್ನೂ ನೀಡಿತು. ಕಲಾಪವನ್ನು ನೋಡಿ ಬರಹದಲ್ಲಿ ವರದಿ ಮಾಡಿ. 1971ರ ನ್ಯಾಯಾಂಗ ನಿಂದನೆ ಕಾಯ್ದೆ ನಿಷ್ಪಕ್ಷಪಾತವಾದ, ನಿಖರವಾದ ವರದಿಗೆ ರಕ್ಷಣೆ ಕೊಡುತ್ತದೆ. ನ್ಯಾಯಮೂರ್ತಿಗಳು ವಾದದ ನಡುವೆ ಆಡಿದ ಮಾತು ಆದೇಶವಲ್ಲ ಎಂಬ ವ್ಯತ್ಯಾಸ ಮಾತ್ರ ನಿಮ್ಮ ಮೊದಲ ಸಾಲಿನಲ್ಲೇ ಕಾಣಿಸಬೇಕು.

ಹಂತ 7: ಬೇರೆಯವರ ಚಿತ್ರ

‘ಕೃಪೆ: ಫೇಸ್‌ಬುಕ್’ ಎಂದು ಬರೆದರೆ ಅನುಮತಿ ಪಡೆದಂತಾಗುವುದಿಲ್ಲ, ಚಿತ್ರ ತೆಗೆದವರಿಗೆ ಸಲ್ಲಬೇಕಾದ ಹೆಸರೂ ಸಲ್ಲುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಸೆಕ್ಷನ್ 52 ಪ್ರಚಲಿತ ಘಟನೆಗಳ ವರದಿಗಾಗಿ ನ್ಯಾಯಯುತ ಬಳಕೆಗೆ ಅವಕಾಶ ಕೊಡುತ್ತದಾದರೂ ಇಡೀ ಚಿತ್ರವನ್ನೇ ಎತ್ತಿ ಹಾಕುವುದು ಅದರೊಳಗೆ ಬರುತ್ತದೆಂದು ಭಾವಿಸಬೇಡಿ. 2010ರ ಹೈಟಿ ಭೂಕಂಪದ ಚಿತ್ರಗಳನ್ನು ಟ್ವಿಟರ್‌ನಲ್ಲಿ ಹಾಕಿದ್ದ ಛಾಯಾಗ್ರಾಹಕ ಡೇನಿಯಲ್ ಮೊರೆಲ್ ಅವರಿಗೆ, ಅವನ್ನು ಅನುಮತಿಯಿಲ್ಲದೆ ಬಳಸಿದ ಸುದ್ದಿಸಂಸ್ಥೆ ಎಎಫ್‌ಪಿ ಮತ್ತು ಚಿತ್ರಸಂಸ್ಥೆ ಗೆಟ್ಟಿ ಸುಮಾರು 12 ಲಕ್ಷ ಡಾಲರ್ ಕೊಡಬೇಕೆಂದು 2013ರಲ್ಲಿ ನ್ಯೂಯಾರ್ಕಿನ ಜ್ಯೂರಿ ತೀರ್ಪು ನೀಡಿತು. ಕಾನೂನು ಆ ದೇಶದ್ದು, ಆದರೆ ತಪ್ಪು ನಾವು ದಿನವೂ ಮಾಡುವಂಥದೇ.

ಅನುಮತಿ ಕೇಳುವ ಸಂದೇಶ ಹೀಗಿದ್ದರೆ ಸಾಕು: ‘ನಮಸ್ಕಾರ ಸರ್, ನಾನು ಇಂಥ ಪತ್ರಿಕೆಯ ವರದಿಗಾರ. ಈ ದಿನ ನೀವು ಹಾಕಿರುವ ಸೇತುವೆಯ ಚಿತ್ರವನ್ನು ತೆಗೆದವರು ನೀವೇನಾ? ನಿಮ್ಮ ಹೆಸರಿನೊಂದಿಗೆ ನಮ್ಮ ಪತ್ರಿಕೆ ಮತ್ತು ಜಾಲತಾಣದಲ್ಲಿ ಬಳಸಬಹುದೇ?’ ಮೊದಲ ಪ್ರಶ್ನೆ ಬಿಟ್ಟರೆ ಚಿತ್ರವನ್ನು ಬೇರೆಲ್ಲಿಂದಲೋ ತಂದವರೂ ‘ಹಾಕಿ ಸರ್’ ಎನ್ನುತ್ತಾರೆ. ನೆರೆ, ಭೂಕುಸಿತದ ಸಮಯದಲ್ಲಿ ಇದಕ್ಕೂ ಮೊದಲು ‘ಸುರಕ್ಷಿತವಾಗಿದ್ದೀರಾ?’ ಎಂದು ಕೇಳಿ. ಇನ್ನೂ ಹತ್ತಿರ ಹೋಗಿ ಒಂದು ವಿಡಿಯೊ ಮಾಡಿ ಕಳಿಸಿ ಎಂದು ಯಾರಿಗೂ ಹೇಳಬೇಡಿ. ತೀರಿಕೊಂಡವರ ಚಿತ್ರವನ್ನು ಅವರ ಇನ್‌ಸ್ಟಾಗ್ರಾಂ ಖಾತೆಯಿಂದ ತೆಗೆಯುವ ಬದಲು ಮನೆಯವರನ್ನು ಕೇಳಿದರೆ ಅವರೇ ತಮಗೆ ಇಷ್ಟವಾದ ಚಿತ್ರವನ್ನು ಕೊಡುತ್ತಾರೆ.

ಹಂತ 8: ಸುದ್ದಿಮೂಲ ಮತ್ತು ನಿಮ್ಮ ಫೋನ್

1978ರ ಪತ್ರಿಕಾ ಮಂಡಳಿ ಕಾಯ್ದೆಯ ಸೆಕ್ಷನ್ 15 ಸುದ್ದಿಮೂಲವನ್ನು ಹೇಳುವಂತೆ ಪತ್ರಕರ್ತರನ್ನು ಬಲವಂತ ಮಾಡಬಾರದು ಎನ್ನುತ್ತದೆ, ಆದರೆ ಅದು ಮಂಡಳಿಯ ಮುಂದಿನ ಕಲಾಪಗಳಿಗೆ ಮಾತ್ರ. ಪೊಲೀಸರ ಮುಂದೆ, ನ್ಯಾಯಾಲಯದ ಮುಂದೆ ಮೂಲವನ್ನು ಕಾಪಾಡುವ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಹಾಗಾಗಿ ಮೂಲವನ್ನು ಕಾಪಾಡುವುದು ನಿಮ್ಮ ದಿನನಿತ್ಯದ ಅಭ್ಯಾಸದ ಮೇಲೆ ನಿಂತಿದೆ. ಮೂಲದ ಹೆಸರನ್ನು ಫೋನಿನಲ್ಲಿ ಹುದ್ದೆಯ ಸಮೇತ ಉಳಿಸಿಕೊಳ್ಳಬೇಡಿ. ಅವರನ್ನು ಫೇಸ್‌ಬುಕ್ ಸ್ನೇಹಿತರ ಪಟ್ಟಿಗೆ ಸೇರಿಸಬೇಡಿ. ಸಂದೇಶಗಳು ತಾವಾಗಿಯೇ ಅಳಿಯುವ ವ್ಯವಸ್ಥೆಯನ್ನು ಮೊದಲ ದಿನದಿಂದಲೇ ಹಾಕಿಕೊಳ್ಳಿ. ನೋಟಿಸ್ ಬಂದ ಮೇಲೆ ಅಳಿಸುವುದು ಸಾಕ್ಷ್ಯನಾಶದ ಪ್ರತ್ಯೇಕ ಅಪರಾಧವಾಗುತ್ತದೆ. ಅಧಿಕಾರಿಯೊಬ್ಬರು ಕಳಿಸಿದ ದಾಖಲೆಯನ್ನು ಹಾಗೆಯೇ ಪ್ರಕಟಿಸಿದರೆ ಅದರ ಮೇಲಿನ ಸೀಲು, ಇನಿಷಿಯಲ್, ಮಡಿಕೆಯ ಗುರುತು ಕೂಡ ಕಳಿಸಿದವರನ್ನು ತೋರಿಸಿಕೊಡಬಲ್ಲವು.

ಫೋನ್ ಜಪ್ತಿ ಮಾಡಲು ಬಂದರೆ ಮಹಜರಿನ ಪ್ರತಿ ಕೇಳಿ, ಅದರಲ್ಲಿ ಫೋನಿನ ಐಎಂಇಐ ಸಂಖ್ಯೆ ಮತ್ತು ಹ್ಯಾಶ್ ಮೌಲ್ಯ (ಒಳಗಿನ ಮಾಹಿತಿ ಬದಲಾಗಿದೆಯೇ ಎಂದು ತೋರಿಸುವ ಸಂಕೇತ) ನಮೂದಿಸಲು ಕೋರಿ. ಶೋಧ ಮತ್ತು ಜಪ್ತಿಯನ್ನು ವಿಡಿಯೊದಲ್ಲಿ ದಾಖಲಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 105 ಹೇಳುತ್ತದೆ. ಪಾಸ್‌ವರ್ಡ್ ಕೇಳಿದಾಗ ವಕೀಲರೊಡನೆ ಮಾತನಾಡಲು ಸಮಯ ಕೇಳಿ.

ಹಂತ 9: ತಪ್ಪಾದಾಗ

ತಪ್ಪು ಗೊತ್ತಾದ ಕೂಡಲೇ ಸದ್ದಿಲ್ಲದೆ ಅಳಿಸಿ ಸುಮ್ಮನಾಗುವುದು ಎಲ್ಲರೂ ಮಾಡುವ ಕೆಲಸ. ಅಳಿಸಿದ್ದರ ಸ್ಕ್ರೀನ್‌ಶಾಟ್ ಯಾರ ಬಳಿಯಾದರೂ ಇದ್ದೇ ಇರುತ್ತದೆ, ತಿದ್ದಿದ್ದು ಮಾತ್ರ ಯಾರಿಗೂ ತಿಳಿಯುವುದಿಲ್ಲ. ಮೊದಲು ಮೂಲ ಬರಹದ ಪ್ರತಿಯನ್ನು ಸಮಯದ ಸಮೇತ ನಿಮ್ಮ ಬಳಿ ಉಳಿಸಿಕೊಳ್ಳಿ. ಆಮೇಲೆ ಅದೇ ಜಾಗದಲ್ಲಿ ‘ತಿದ್ದುಪಡಿ’ ಎಂದು ಆರಂಭಿಸಿ, ಏನು ತಪ್ಪಾಗಿತ್ತು, ಸರಿಯಾದದ್ದೇನು ಎಂದು ಎರಡು ಸಾಲಿನಲ್ಲಿ ಬರೆಯಿರಿ. ನೀವು ಯಾವ ಯಾವ ಗ್ರೂಪ್‌ಗಳಿಗೆ ಹಾಕಿದ್ದಿರೋ ಅಷ್ಟಕ್ಕೂ ಅದು ಹೋಗಲಿ. ಸಂತ್ರಸ್ತರ ಗುರುತು ಬಹಿರಂಗವಾಗಿದ್ದರೆ ಮಾತ್ರ ಕ್ರಮ ಬೇರೆ: ತಕ್ಷಣ ಎಲ್ಲೆಡೆ ಅಳಿಸಿ, ಗ್ರೂಪ್‌ಗಳ ಅಡ್ಮಿನ್‌ಗಳಿಗೆ ಫೋನ್ ಮಾಡಿ ಅಳಿಸಲು ಹೇಳಿ, ಏನನ್ನು ಅಳಿಸಿದಿರಿ ಎಂಬುದನ್ನು ತಿದ್ದುಪಡಿಯಲ್ಲಿ ವಿವರಿಸಬೇಡಿ.

ಸುದ್ದಿ ಪೋರ್ಟಲ್ ಅಥವಾ ಯೂಟ್ಯೂಬ್ ಸುದ್ದಿ ವಾಹಿನಿ ನಡೆಸುವವರಿಗೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಅನ್ವಯಿಸುತ್ತವೆ. ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕವನ್ನು ಪುಟದಲ್ಲಿ ಹಾಕಿ. ದೂರು ತಲುಪಿದೆ ಎಂದು 24 ಗಂಟೆಯೊಳಗೆ ತಿಳಿಸಿ, 15 ದಿನಗಳಲ್ಲಿ ತೀರ್ಮಾನ ಹೇಳಿ.

ವಕೀಲರ ನೋಟಿಸ್ ಬಂದರೆ ಅದನ್ನು ಸ್ಟೇಟಸ್‌ಗೆ ಹಾಕಿಕೊಳ್ಳಬೇಡಿ, ಕಳಿಸಿದವರಿಗೆ ಕೋಪದಲ್ಲಿ ಫೋನ್ ಮಾಡಬೇಡಿ. ಲಕೋಟೆಯ ಸಮೇತ ನೋಟಿಸನ್ನು ಎತ್ತಿಟ್ಟು ಬಂದ ದಿನಾಂಕ ಬರೆದುಕೊಳ್ಳಿ, ಅದೇ ದಿನ ಸಂಪಾದಕರಿಗೆ ಇ-ಮೇಲ್ ಮಾಡಿ. ನಿಮ್ಮ ಬರಹದ ಪ್ರತಿ, ಟಿಪ್ಪಣಿ, ಮೂಲ ಕಡತಗಳನ್ನು ಒಂದೆಡೆ ಸೇರಿಸಿ. ಅವನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ, ಅವು ಯಾವ ಸಾಧನದಿಂದ ಬಂದವು ಎಂದು ತಿಳಿಸುವ ಪ್ರಮಾಣಪತ್ರ ಬೇಕಾಗುತ್ತದೆ. ಆದ್ದರಿಂದ ಚಿತ್ರ ತೆಗೆದ, ಆಡಿಯೊ ದಾಖಲಿಸಿದ ಫೋನನ್ನು ಮಾರುವುದಾಗಲಿ, ಅಳಿಸಿ ಮನೆಯ ಮಕ್ಕಳ ಕೈಗೆ ಕೊಡುವುದಾಗಲಿ ಪ್ರಕರಣ ಮುಗಿಯುವವರೆಗೆ ಮಾಡಬೇಡಿ.